ನಾಲ್ಕನೇ ಬೋರ್ಡಿನ ಉದ್ಘಾಟನೆ

ನನ್ನ ಗಂಡನಿಗೆ ಶಾಲು ಹೊದಿಸಿದರೆಂದು ನೆಂಟರೆಲ್ಲ ಫೋನ್ ಮಾಡಿ ಅಭಿನಂದನೆ ಹೇಳುತ್ತಿದ್ದಾರೆ. ವಾಟ್ಸಾಪಿನಲ್ಲಿ ಫೋಟೋ ನೋಡಿದರಂತೆ, ಮೈಸೂರು ಪೇಟ ಬಹಳ ಚೆನ್ನಾಗಿ ಒಪ್ಪಿದೆಯಂತೆ. ನನಗೆ ಆ ಫೋಟೋ ನೋಡಿದರೆ ಮೈ ಉರಿಯುತ್ತದೆ. ಆ ಶಾಲು ಯಾಕೆ ಬಂತು, ಯಾರು ಯಾವ ಉದ್ದೇಶಕ್ಕೆ ತಂದು ಹೊದಿಸಿದರು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಗಂಟಲು ಒಣಗಿದೆ. ಇಲ್ಲಿ ಒಂದು ಸಲ ಪೂರ್ತಿ ಹೇಳಿಬಿಡುತ್ತೇನೆ.

ನಾವಿರುವುದು ದೆಹಲಿಯ ದ್ವಾರಕಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ. ಇಲ್ಲಿ ಲಿಫ್ಟ್ ಹತ್ತಿದರೆ ಇಬ್ಬರು ನಿವೃತ್ತ ಅಧಿಕಾರಿಗಳಾದರೂ ಸಿಗುತ್ತಾರೆ, ಅವರಲ್ಲಿ ಒಬ್ಬರಾದರೂ ತಾವು ಇನ್ನೂ ನಿವೃತ್ತರಾಗಿಲ್ಲ ಎಂದುಕೊಂಡಿರುತ್ತಾರೆ. ನನ್ನ ಗಂಡ ದೇವೇಂದ್ರಪ್ಪ ಆ ಪೈಕಿ ಅಲ್ಲ. ಕೇಂದ್ರ ಸರ್ಕಾರದ ಅಂಕಿಅಂಶದ ಆಫೀಸಿನಲ್ಲಿ ದುಡಿದು, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ, ಯಾರ ಮೇಲೂ ದನಿ ಎತ್ತದೆ ಪೆನ್ಷನ್ ತೆಗೆದುಕೊಂಡವರು. ದನಿ ಎತ್ತುವ ಖಾತೆ ಮೊದಲಿನಿಂದಲೂ ನನ್ನದು. ಅವರಿಗಿದ್ದದ್ದು ಒಂದೇ ಚಟ, ಚದುರಂಗ. ಆಫೀಸಿನಲ್ಲಿ ಊಟದ ಡಬ್ಬಿ ಖಾಲಿಯಾಗುವ ಮೊದಲೇ ಮಣೆ ಹಾಸುತ್ತಿದ್ದರಂತೆ. ಇಲಾಖೆಗಳ ನಡುವಿನ ಪಂದ್ಯಗಳಲ್ಲಿ ಅವರು ಗೆದ್ದು ತಂದ ಸ್ಟೀಲ್ ಲೋಟಗಳಲ್ಲೇ ನಮ್ಮ ಮನೆಯಲ್ಲಿ ಈಗಲೂ ಮಜ್ಜಿಗೆ ಕುಡಿಯುವುದು.

ಈಚೆಗೆ ಅವರ ಕೈ ನಡುಗುತ್ತದೆ. ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಏನೂ ಇಲ್ಲ, ಏನನ್ನಾದರೂ ಗುರಿಯಿಟ್ಟು ಮುಟ್ಟಲು ಹೋದರೆ ಶುರು. ಎಡಗೈ ಇನ್ನೂ ಹೆಚ್ಚು. ತಲೆಗೂ ಈ ನಡುಕಕ್ಕೂ ಏನೇನೂ ಸಂಬಂಧವಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಮರದ ಕಾಯಿಯಾದರೆ ಇವರು ಅದನ್ನು ಇಡೀ ಮುಷ್ಟಿಯಲ್ಲಿ ಹಿಡಿದು, ಮಣೆಯ ಮೇಲೆ ನೂಕಿಕೊಂಡು ಹೋಗಿ, ಬೇಕಾದ ಮನೆಯಲ್ಲಿ ನಿಲ್ಲಿಸುತ್ತಾರೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ಈ ವರ್ಷ ದ್ವಾರಕಾದ ಕೆಲವು ಸೊಸೈಟಿಗಳು ಸೇರಿ ಚೆಸ್ ಲೀಗ್ ಶುರು ಮಾಡಿದವು. ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಅವರವರ ಕ್ಲಬ್ ಹೌಸಿನಲ್ಲಿ ಕೂತು, ಕಂಪ್ಯೂಟರಿನ ಪರದೆಯನ್ನು ಮುಟ್ಟಿ ಆಡುವುದು. ಪ್ರತಿ ಸೊಸೈಟಿಯಿಂದ ನಾಲ್ಕು ಜನ. ಆ ನಾಲ್ವರನ್ನು ಆರಿಸುವುದಕ್ಕೆ ನಮ್ಮ ಸೊಸೈಟಿಯ ಸೆಕ್ರೆಟರಿ ಗುರುರಾಜ ಅವರು ಒಂದು ಪರೀಕ್ಷೆ ಇಟ್ಟರು. ಆಸೆಯಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಕಂಪ್ಯೂಟರಿನ ಎದುರು ಒಂದು ಆಟ ಆಡಬೇಕು. ಈ ಗುರುರಾಜ ಯಾವುದೋ ಮಂತ್ರಾಲಯದಲ್ಲಿ ಡೆಪ್ಯುಟಿ ಸೆಕ್ರೆಟರಿ ಆಗಿದ್ದವರು. ನಮ್ಮ ಕಡೆಯವರೇ, ಕನ್ನಡದವರೇ. ಅದಕ್ಕೇ ನನಗೆ ಹೊಟ್ಟೆ ಇನ್ನೂ ಹೆಚ್ಚು ಉರಿಯುವುದು.

ಆ ದಿನ ನಾನೂ ಹೋಗಿದ್ದೆ. ನನಗೆ ಆಟ ಬರುವುದಿಲ್ಲ. ಕುದುರೆ ಅಡ್ಡಾದಿಡ್ಡಿ ಹಾರುತ್ತದೆ ಎನ್ನುವುದಷ್ಟೇ ಗೊತ್ತು. ಆದರೆ ಎದುರಾಳಿಯ ಮುಖ ನೋಡಿದರೆ ಯಾರು ಗೆಲ್ಲುತ್ತಿದ್ದಾರೆಂದು ಹೇಳಬಲ್ಲೆ. ಕಂಪ್ಯೂಟರಿಗೆ ಮುಖವಿಲ್ಲದ್ದರಿಂದ ಗುರುರಾಜರ ಮುಖ ನೋಡಿದೆ. ಅವರ ಹುಬ್ಬು ಮೇಲೆ ಮೇಲೆ ಹೋಗುತ್ತಿತ್ತು. ಇವರು ಗೆಲ್ಲುತ್ತಿದ್ದಾರೆ ಎಂದುಕೊಂಡೆ. ಪರದೆಯ ಮೇಲೆ ಹಸಿರು ಬಿಳುಪಿನ ಮನೆಗಳು, ಪಕ್ಕದಲ್ಲಿ ಓಡುವ ಗಡಿಯಾರ, ಅದರ ಕೆಳಗೆ ಒಂದು ಬಾವುಟ, ಒಂದು ಬಲ್ಬು, ಹಿಂದಕ್ಕೆ ತಿರುಗಿದ ಒಂದು ಬಾಣ. ಬಲ್ಬು ಒತ್ತಿದರೆ ಕಂಪ್ಯೂಟರೇ ಸಲಹೆ ಕೊಡುತ್ತದಂತೆ, ಬಾಣ ಒತ್ತಿದರೆ ಆಡಿದ್ದು ವಾಪಸ್ ಬರುತ್ತದಂತೆ. ಪರೀಕ್ಷೆಯೆಂದು ಅವೆರಡನ್ನೂ ಬಂದ್ ಮಾಡಿದ್ದರು. ಅದು ನ್ಯಾಯ, ನಾನು ಒಪ್ಪುತ್ತೇನೆ.

ಇವರು ಮಂತ್ರಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದು ಪರದೆಯ ಮೇಲೆ ಎಳೆದುಕೊಂಡು ಹೊರಟರು. ಇನ್ನೊಂದು ಮನೆ ದಾಟಬೇಕು ಎನ್ನುವಾಗ ಬೆರಳು ಅದುರಿ ಗಾಜಿನಿಂದ ಕೂದಲಿನಷ್ಟು ಮೇಲೆದ್ದಿತು. ಟಕ್ ಎಂದು ಶಬ್ದವಾಯಿತು. ಮಂತ್ರಿ ಒಂದು ಮನೆ ಹಿಂದೆಯೇ ಕೂತುಬಿಟ್ಟಿತು. ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಾಲಾಳನ್ನು ಕಳಿಸಿ ಅದನ್ನು ತಿಂದುಹಾಕಿತು.

"ಅದು ಜಾರಿದ್ದು ಕಣ್ರೀ! ಎಲ್ಲರೂ ನೋಡಿದ್ದಾರೆ!" ಎಂದು ನಾನು ಕೂಗಿದೆ.

"ಮೇಡಂ, ಪ್ಲೀಸ್," ಎಂದರು ಗುರುರಾಜ. "ಮಷೀನ್ ಏನು ತಗೊಳ್ತೋ ಅದೇ ಫೈನಲ್. ಮನುಷ್ಯರು ತೀರ್ಮಾನ ಮಾಡೋಕೆ ಹೋದ್ರೆ ಪಕ್ಷಪಾತ ಅಂತಾರೆ."

ಇವರು ಬಾವುಟ ಒತ್ತಿ ಸೋಲು ಒಪ್ಪಿಕೊಳ್ಳಲು ಹೋದರು. ಆ ಬಾವುಟವಾದರೂ ಮೊದಲ ಸಲಕ್ಕೆ ಸಿಕ್ಕಿತೇ? ಬೆರಳು ಪಕ್ಕದಲ್ಲಿ, ಮೇಲೆ, ಮತ್ತೆ ಪಕ್ಕದಲ್ಲಿ ಬಿತ್ತು. ಸೋಲುವುದಕ್ಕೂ ನನ್ನ ಗಂಡ ಜನರೆದುರು ಒದ್ದಾಡಬೇಕಾಯಿತು. ನನಗೆ ಅಳು ಬಂತು, ಸಿಟ್ಟಿನ ಅಳು. ಮನೆಗೆ ಬಂದ ಮೇಲೆ ಅವರು ಮಣೆ ಹಾಸಲಿಲ್ಲ, ಮರುದಿನವೂ ಹಾಸಲಿಲ್ಲ. ಕಾಯಿಗಳ ಡಬ್ಬಿಯನ್ನು ಬೀರುವಿನ ಮೇಲಕ್ಕೆ ಎತ್ತಿಟ್ಟುಬಿಟ್ಟರು.

ಭಾನುವಾರ ಸಿಂಚನಾ ಬಂದಳು. ಇವರ ತಮ್ಮನ ಮಗಳು. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ, ಅಲ್ಲೇ ಪೀಜಿಯಲ್ಲಿದ್ದಾಳೆ. ಅಲ್ಲಿನ ರಾಜ್ಮಾ ತಿಂದು ಬೇಸರವಾದಾಗ ನನ್ನ ಕೈಯ ಜೋಳದ ರೊಟ್ಟಿಗೆ ಬರುತ್ತಾಳೆ. ನಾನು ಗುರುರಾಜರ ಜನ್ಮ ಜಾಲಾಡುತ್ತಿದ್ದುದನ್ನು ಕೇಳಿಸಿಕೊಂಡು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಳು.

"ದೊಡ್ಡಮ್ಮ, ಅದಕ್ಕೆ ಸೆಟ್ಟಿಂಗ್ ಇರುತ್ತೆ," ಎಂದಳು. ತನ್ನ ಟ್ಯಾಬಿನಲ್ಲಿ ಅದೇ ಆಟವನ್ನು ತೆರೆದಳು. ಮೂಲೆಯ ಹಲ್ಲಿನ ಚಕ್ರ ಒತ್ತಿದಳು. ಪಟ್ಟಿಯೊಂದು ಇಳಿಯಿತು. "ಇಲ್ನೋಡಿ, ಕನ್ಫರ್ಮ್ ಮೂವ್. ಇದಕ್ಕೆ ಟಿಕ್ ಹಾಕಿದ್ರೆ ಕಾಯಿ ಇಟ್ಟ ತಕ್ಷಣ ಆಟ ಮುಂದೆ ಹೋಗಲ್ಲ. ಸರಿ ಗುರುತು, ತಪ್ಪು ಗುರುತು, ಎರಡು ಬರುತ್ತೆ. ತಪ್ಪು ಒತ್ತಿದ್ರೆ ಕಾಯಿ ವಾಪಸ್. ಸರಿ ಒತ್ತೋವರೆಗೂ ಎದುರಿನವರಿಗೆ ಏನೂ ಕಾಣಲ್ಲ."

"ಗಡಿಯಾರ?" ಎಂದು ಕೇಳಿದರು ಇವರು. ಎರಡು ದಿನದಲ್ಲಿ ಆಟದ ಬಗ್ಗೆ ಅವರ ಬಾಯಿಂದ ಬಂದ ಮೊದಲ ಮಾತು ಅದು.

"ಅದು ಓಡ್ತಾನೇ ಇರುತ್ತೆ ದೊಡ್ಡಪ್ಪ. ನಿಮ್ಮ ಟೈಮ್ ನಿಮ್ಮದೇ ಹೋಗುತ್ತೆ."

"ಅದು ಸರಿ. ಹಾಗೇ ಇರಬೇಕು."

ಅವಳು ಮಣೆಯನ್ನೂ ದೊಡ್ಡದು ಮಾಡಿಕೊಟ್ಟಳು. ಆ ಮಧ್ಯಾಹ್ನವೆಲ್ಲ ಇವರು ಊಟದ ಮೇಜಿನ ಮುಂದೆ ಕೂತೇ ಇದ್ದರು. ಕಾಯಿ ಪಕ್ಕದ ಮನೆಗೆ ಬೀಳುವುದು, ತಪ್ಪು ಗುರುತು ಒತ್ತುವುದು, ಮತ್ತೆ ಇಡುವುದು, ಸರಿ ಗುರುತು ಒತ್ತುವುದು. ಸಂಜೆ ಚಹಾದ ಹೊತ್ತಿಗೆ ಕಂಪ್ಯೂಟರಿನ ರಾಜ ಮೂಲೆಗೆ ಬಿದ್ದಿದ್ದ. ಆಮೇಲೆ ಎದ್ದು ಬೀರುವಿನ ಮೇಲಿನ ಡಬ್ಬಿಯನ್ನು ಇಳಿಸಿದರು.

ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಸಾಲಿನಲ್ಲೇ ಗುರುರಾಜರನ್ನು ಹಿಡಿದೆ.

"ಒಂದು ಟಿಕ್ ಹಾಕೋದು ಅಷ್ಟು ಕಷ್ಟಾನಾ?"

"ಟಿಕ್ ಕಷ್ಟ ಅಲ್ಲ ಪಂಕಜಮ್ಮನವರೇ. ಪ್ರಿನ್ಸಿಪಲ್ ಪ್ರಶ್ನೆ. ಒಬ್ಬರಿಗೆ ರಿಯಾಯಿತಿ ಕೊಟ್ರೆ ನಾಳೆ ಇನ್ನೊಬ್ಬರು ಬರ್ತಾರೆ."

"ಬರಲಿ. ಎಲ್ಲರಿಗೂ ಹಾಕಿ."

"ಎಲ್ಲರಿಗೂ ಅಂದ್ರೆ ಕಮಿಟಿ ಅಪ್ರೂವಲ್ ಬೇಕಾಗುತ್ತೆ. ಪಾಸ್‌ವರ್ಡ್ ನನ್ನ ಹತ್ರ ಇದೆ ಅಂತ ನಾನು ಮನಸ್ಸಿಗೆ ಬಂದ ಹಾಗೆ ಸೆಟ್ಟಿಂಗ್ ಬದಲಾಯಿಸೋಕಾಗುತ್ತಾ?"

"ನೀವು ಕನ್ನಡಕ ಹಾಕ್ಕೊಂಡು ಪರದೆ ನೋಡ್ತೀರಲ್ಲ, ಅದಕ್ಕೆ ಯಾವ ಕಮಿಟಿ ಅಪ್ರೂವಲ್ ಕೊಟ್ಟಿತ್ತು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಚಲೋ, ನೋಡೋಣ," ಎಂದು, ಬೂತಿನವನ ಕಡೆ ತಿರುಗಿ "ಭಯ್ಯಾ, ಜಲ್ದಿ ಕರೋ" ಎಂದು ಅವನ ಮೇಲೆ ರೇಗಿದರು.

ನೋಡೋಣ ಎಂದರೆ ಆ ಜನರ ಭಾಷೆಯಲ್ಲಿ ನೋಡುವುದಿಲ್ಲ ಎಂದರ್ಥ. ಇಷ್ಟು ವರ್ಷ ದೆಹಲಿಯಲ್ಲಿದ್ದು ನನಗೆ ಅದಾದರೂ ಗೊತ್ತಿಲ್ಲವೇ? ಆದರೆ ಮೂರನೇ ಮಹಡಿಯ ಅಭಿಷೇಕ್ ಸೊಸೈಟಿಯ ಗ್ರೂಪಿನಲ್ಲಿ, ಅಂಕಲ್‌ಗೆ ಕನ್ಫರ್ಮ್ ಹಾಕಿ ಇನ್ನೊಂದು ಆಟ ಕೊಡಿ ಎಂದು ಬರೆದ. ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದವನೇ ಅವನು. ಇವರು ಗೆದ್ದರೆ ಅವನ ಜಾಗವೇ ಹೋಗುವುದು. ಆಮೇಲೆ ಎಲ್ಲರೂ ಹೆಬ್ಬೆರಳು ಎತ್ತಿದರು. ಗುರುರಾಜ ಬೇರೆ ದಾರಿಯಿಲ್ಲದೆ ಟಿಕ್ ಹಾಕಿಸಿದರು. ಇವರು ಆಡಿದರು, ಗೆದ್ದರು. ಅಭಿಷೇಕ್ ಬಂದು ಕೈ ಕುಲುಕಿ, "ಅಂಕಲ್, ನಾಲ್ಕನೇ ಬೋರ್ಡ್ ನಿಮ್ಮದು" ಎಂದ. ಆ ದಿನ ನಾನು ಶ್ಯಾವಿಗೆ ಪಾಯಸ ಮಾಡಿದೆ.

ಪಾಯಸದ ಪಾತ್ರೆ ತೊಳೆಯುವ ಮೊದಲೇ ನೋಟಿಸ್ ಬೋರ್ಡಿನಲ್ಲಿ ತಂಡದ ಹೆಸರುಗಳು ಬಂದವು. ನಾಲ್ಕನೇ ಬೋರ್ಡಿಗೆ ಅಭಿಷೇಕ್. ಕೆಳಗೆ ದಪ್ಪ ಅಕ್ಷರದಲ್ಲಿ: ಉದ್ಘಾಟನಾ ಸಮಾರಂಭದಲ್ಲಿ ಹಿರಿಯ ಆಟಗಾರರಾದ ಶ್ರೀ ದೇವೇಂದ್ರಪ್ಪನವರಿಗೆ ವಿಶೇಷ ಸನ್ಮಾನ.

ನಾನು ಮನೆಗೂ ಹೋಗದೆ ನೇರ ಗುರುರಾಜರ ಫ್ಲಾಟಿಗೆ ಹೋಗಿ ಬೆಲ್ ಒತ್ತಿದೆ.

"ಗೆದ್ದವರನ್ನು ಕೂರಿಸೋದು ಬಿಟ್ಟು ಶಾಲು ಹೊದಿಸ್ತೀರಾ?"

"ನಿಧಾನ ಮೇಡಂ, ಒಳಗೆ ಬನ್ನಿ. ನೋಡಿ, ಲೀಗ್ ಪಂದ್ಯಕ್ಕೆ ಕ್ಯಾಮೆರಾ ಇರುತ್ತೆ. ಬೇರೆ ಸೊಸೈಟಿಯವರೆಲ್ಲ ನೋಡ್ತಾರೆ. ಚಾಣಕ್ಯಪುರಿಯಿಂದ ದೊಡ್ಡ ಅಧಿಕಾರಿ ಒಬ್ಬರು ಮುಖ್ಯ ಅತಿಥಿಯಾಗಿ ಬರ್ತಿದ್ದಾರೆ. ಅವರೆಲ್ಲರ ಎದುರು ನಿಮ್ಮ ಯಜಮಾನರ ಕೈ ಆ ಥರ... ನಿಮಗೇ ಮುಜುಗರ ಆಗಬಾರದು ಅಂತ. ಇದು ಅವರಿಗೆ ಗೌರವ ಅಲ್ವಾ?"

"ನಮಗೆ ಮುಜುಗರ ಇಲ್ಲ. ಆಗ್ತಿರೋದು ನಿಮಗೆ."

"ಅವರ ಒಪ್ಪಿಗೆ ತಗೊಂಡೇ ಹಾಕಿದ್ದು," ಎಂದರು ಗುರುರಾಜ.

ಮನೆಗೆ ಬಂದು ಕೇಳಿದರೆ ಹೌದಂತೆ. ಬೆಳಿಗ್ಗೆ ವಾಕಿಂಗಿನಲ್ಲಿ ಕೇಳಿದರಂತೆ, ಇವರು ಆಗಲಿ ಎಂದರಂತೆ.

"ಯಾಕ್ರೀ? ಯಾಕೆ ಒಪ್ಪಿದ್ರಿ?"

"ಎಷ್ಟು ಅಂತ ಜಗಳ ಆಡ್ತೀಯ ಪಂಕಜಾ. ಬಿಡು."

ಬಿಡುವುದು ಹೇಗೆ? ಈ ಸನ್ಮಾನ ಎನ್ನುವುದು ನಮ್ಮ ಜನ ಕಂಡುಕೊಂಡಿರುವ ಎಂಥ ನಾಜೂಕಿನ ಉಪಾಯ! ಯಾರನ್ನು ಕುರ್ಚಿಯಿಂದ ಎಬ್ಬಿಸಬೇಕೋ ಅವರನ್ನು ವೇದಿಕೆಗೆ ಹತ್ತಿಸುವುದು. ಹಾರ, ಪೇಟ, ಹಣ್ಣಿನ ಬುಟ್ಟಿ, ಎರಡು ಒಳ್ಳೆಯ ಮಾತು, ಅಲ್ಲಿಗೆ ಅವರ ಕಥೆ ಮುಗಿಯಿತು. ಬೈದು ಕಳಿಸಿದರೆ ವಾಪಸ್ ಬೈಯಬಹುದು. ಶಾಲು ಹೊದಿಸಿದವರನ್ನು ಬೈದರೆ ನಾವೇ ಕೆಟ್ಟವರಾಗುತ್ತೇವೆ. ಅವತ್ತು ನಾನು ಗಂಡನ ಜೊತೆ ಮಾತು ಬಿಟ್ಟೆ.

ಸಮಾರಂಭದ ದಿನ ಕ್ಲಬ್ ಹೌಸಿನ ಗೋಡೆ ಪಕ್ಕ ನಾಲ್ಕು ಪರದೆಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮೇಲೂ ಒಂದು ಪುಟ್ಟ ಕ್ಯಾಮೆರಾ. ದೀಪ ಹಚ್ಚಿದರೆ ಅಲ್ಲಿನ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆಂದು ಗುರುರಾಜ ದೀಪದ ಬದಲು ಹೊಸ ಯೋಜನೆ ಮಾಡಿದ್ದರು. ಸನ್ಮಾನ ಪಡೆದವರು ನಾಲ್ಕನೇ ಪರದೆಯಲ್ಲಿ ಒಂದು ನಡೆ ನಡೆಸಿ ಉದ್ಘಾಟನೆ ಮಾಡುವುದು, ಆಮೇಲೆ ಎಲ್ಲರಿಗೂ ಚಹಾ, ಆಮೇಲೆ ಪಂದ್ಯ. ಆದರೆ ಮುಖ್ಯ ಅತಿಥಿಯ ಕಾರು ಧೌಲಾ ಕುವಾಂ ಬಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅವರು ಬಂದು, ಭಾಷಣ ಮಾಡಿ, ಇವರಿಗೆ ಶಾಲು ಹೊದಿಸಿ ಪೇಟ ಇಡುವಷ್ಟರಲ್ಲಿ ಪಂದ್ಯದ ಹೊತ್ತೇ ಆಗಿತ್ತು. ಪರದೆಗಳು ತಾವಾಗಿಯೇ ಲೀಗಿಗೆ ಜೋಡಿಸಿಕೊಂಡವು. ಮೊದಲ ಮೂರು ಬೋರ್ಡಿನವರು ಆಡಲು ಶುರು ಮಾಡಿದರು.

"ಒಂದೇ ನಿಮಿಷ ಅಭಿಷೇಕ್," ಎಂದರು ಗುರುರಾಜ. "ಸರ್ ಒಂದು ಮೂವ್ ಮಾಡಿಬಿಡ್ಲಿ, ಫೋಟೋ ಆದಮೇಲೆ ನೀನು ಕೂತ್ಕೋ."

ತಮ್ಮದೇ ಪಾಸ್‌ವರ್ಡ್ ಹಾಕಿ ತೆರೆದಿಟ್ಟಿದ್ದ ಪರದೆಯ ಮುಂದೆ, ತಾವೇ ಕುರ್ಚಿ ಎಳೆದು, ಇವರನ್ನು ಕೂರಿಸಿದರು.

ಇವರು ಕೂತವರೇ ಮೊದಲು ಮೂಲೆಯ ಹಲ್ಲಿನ ಚಕ್ರ ಮುಟ್ಟಿದರು. ಒಂದು ಸಲಕ್ಕೆ ಆಗಲಿಲ್ಲ, ಇನ್ನೊಂದು ಸಲಕ್ಕೆ ಆಯಿತು. ಪಟ್ಟಿ ಇಳಿಯಿತು. ಮಣೆಯನ್ನು ದೊಡ್ಡದು ಮಾಡಿದರು. ಮುಖ್ಯ ಅತಿಥಿ, ಇದೂ ಉದ್ಘಾಟನೆಯ ಭಾಗವೆಂದುಕೊಂಡು, ಚಪ್ಪಾಳೆ ತಟ್ಟಿದರು. ಅವರು ತಟ್ಟಿದರೆಂದು ಎಲ್ಲರೂ ತಟ್ಟಿದರು. ಕನ್ಫರ್ಮ್ ಮೂವ್‌ಗೆ ಟಿಕ್ ಬಿದ್ದಾಗ ಇನ್ನೊಮ್ಮೆ ಚಪ್ಪಾಳೆಯಾಯಿತು. ನಾನು ತಟ್ಟಲಿಲ್ಲ. ಈ ಮನುಷ್ಯನಿಗೆ ಫೋಟೋಗೋಸ್ಕರ ಮಣೆ ದೊಡ್ಡದು ಬೇಕಿರಲಿಲ್ಲ.

ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ಇಟ್ಟರು. ಸರಿ ಗುರುತು ಒತ್ತಿದರು. ಟಕ್. ಫೋಟೋ ತೆಗೆದರು. ಆ ಕಡೆ ಯಾವುದೋ ಸೊಸೈಟಿಯಲ್ಲಿ ಕಾದು ಕೂತಿದ್ದ ಎದುರಾಳಿ ತಕ್ಷಣ ಉತ್ತರ ಕೊಟ್ಟ. ಇವರ ಗಡಿಯಾರ ಓಡತೊಡಗಿತು.

"ಥ್ಯಾಂಕ್ಯೂ ಸರ್, ಬನ್ನಿ, ಚಹಾ," ಎಂದು ಗುರುರಾಜ ಭುಜ ಮುಟ್ಟಿದರು.

ಇವರು ಪೇಟ ತೆಗೆದು ಪಕ್ಕಕ್ಕಿಟ್ಟು ಕುದುರೆಯನ್ನು ಹೊರಡಿಸಿದರು.

"ಸರ್, ಅಭಿಷೇಕ್ ಕೂರಬೇಕು."

"ಆಟ ಶುರುವಾಗಿದೆ ಗುರುರಾಜ್," ಎಂದರು ಇವರು, ತಿರುಗಿ ನೋಡದೆ.

ಅಭಿಷೇಕನ ಮುಖದಲ್ಲಿ ನಗು ಒಡೆಯಿತು. "ಅಂಕಲ್ ಹೇಳಿದ್ದು ಕರೆಕ್ಟ್. ಲೀಗ್ ರೂಲ್ ಇದೆಯಲ್ಲ, ಮೊದಲ ನಡೆ ಆಡಿದವರೇ ಮುಗಿಸಬೇಕು, ನಡುವೆ ಬದಲಾಯಿಸಿದ್ರೆ ಬೋರ್ಡ್ ಸೋತ ಹಾಗೆ. ಕ್ಯಾಮೆರಾದಲ್ಲಿ ಎಲ್ಲಾ ಕಾಣ್ತಿದೆ."

ಉದ್ಘಾಟನೆ ಮಾಡುವುದಕ್ಕೂ ಆಟ ಆಡುವುದಕ್ಕೂ ಇರುವ ವ್ಯತ್ಯಾಸ ಕಂಪ್ಯೂಟರಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದರು ಗುರುರಾಜರು. ಜೀವಮಾನವಿಡೀ ರಿಬ್ಬನ್ ಕತ್ತರಿಸುವುದನ್ನೇ ನೋಡಿದವರು, ಪಾಪ. ನನ್ನ ಹತ್ತಿರ ಬಂದು ಪಿಸುಗುಟ್ಟಿದರು, "ಮೇಡಂ, ನೀವಾದ್ರೂ ಹೇಳಿ. ಎಬ್ಬಿಸಿ."

"ನೀವೇ ಎಬ್ಬಿಸಿ," ಎಂದೆ, ಮುಖ್ಯ ಅತಿಥಿಗೂ ಕೇಳುವ ಹಾಗೆ. "ಈಗ ತಾನೇ ನಮ್ಮ ಹೆಮ್ಮೆ ಅಂತ ಮೈಕಿನಲ್ಲಿ ಹೇಳಿದ್ರಲ್ಲ."

ಮುಖ್ಯ ಅತಿಥಿ ಚಹಾದ ಕಪ್ಪು ಹಿಡಿದು ಬಂದು ಇವರ ಹಿಂದೆಯೇ ನಿಂತರು. ಇನ್ನು ಯಾರು ಎಬ್ಬಿಸುತ್ತಾರೆ? ನಾನು ಒಂದು ಕುರ್ಚಿ ಎಳೆದುಕೊಂಡು ಇವರ ಪಕ್ಕದಲ್ಲಿ ಕೂತೆ. ಮಾತು ಬಿಟ್ಟಿದ್ದು ಮರೆತೇಹೋಗಿತ್ತು.

ಆಟ ಬಹಳ ಹೊತ್ತು ನಡೆಯಿತು. ಪಕ್ಕದ ಮೂವರಲ್ಲಿ ಇಬ್ಬರು ಸೋತು ಎದ್ದರು, ಒಬ್ಬ ಗೆದ್ದ. ಇವರು ಒಂದು ನಡೆಗೆ ಎರಡು ಮೂರು ಸಲ ಬೆರಳು ಇಡಬೇಕಿತ್ತು, ಗಡಿಯಾರ ಕರಗುತ್ತಲೇ ಇತ್ತು. ಜನ ಪರದೆ ನೋಡುವುದು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ, ಕಣ್ಣು ತುಂಬ ನೋಡಲಿ. ಅಭಿಷೇಕ್ ನನ್ನ ಕಿವಿಯಲ್ಲಿ, "ಆಂಟಿ, ಆನೆ ಕೊನೇ ಸಾಲಿಗೆ ಹೋದ್ರೆ ಮುಗೀತು, ರಾಜನಿಗೆ ಜಾಗ ಇಲ್ಲ" ಎಂದ.

ಇವರೂ ಆನೆಯನ್ನೇ ಹಿಡಿದರು. ಕೊನೆಯ ಸಾಲಿನತ್ತ ಎಳೆದುಕೊಂಡು ಹೋದರು. ಬೆರಳು ಅದುರಿತು. ಆನೆ ಒಂದು ಮನೆ ಹಿಂದೆ ನಿಂತಿತು, ಎದುರಾಳಿಯ ಒಂಟೆಯ ಬಾಯಿಗೆ ಸರಿಯಾಗಿ. ಅದರ ಕೆಳಗೆ ಸರಿ ಗುರುತು, ತಪ್ಪು ಗುರುತು, ಅಕ್ಕಪಕ್ಕದಲ್ಲಿ ಮೂಡಿದವು. ತಪ್ಪು ಒತ್ತಬೇಕು. ಗಡಿಯಾರ ಕೆಂಪಾಗಿತ್ತು. ಇವರ ಬೆರಳು ಎರಡು ಗುರುತುಗಳ ಮೇಲೆ ಗಾಳಿಯಲ್ಲಿ ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು. ಸರಿಯ ಮೇಲೆ ಬಂತು, ತಪ್ಪಿನ ಮೇಲೆ ಹೋಯಿತು, ಮತ್ತೆ ಸರಿಯ ಮೇಲೆ ಬಂತು.

ನನಗೆ ಗೊತ್ತೇ ಆಗಲಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಗಿತ್ತು. ತಪ್ಪು ಗುರುತಿಗೆ ಇನ್ನೊಂದು ಗೇಣು ಉಳಿದಿತ್ತು.

"ಕೈ ತೆಗಿ."

ಮದುವೆಯಾದಾಗಿನಿಂದ ಆ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಅವರು ಗಡಿಯಾರ ಓಡಲು ಬಿಟ್ಟು ನನ್ನ ಕಡೆ ತಿರುಗಿ ನೋಡಿದರು. ಕಣ್ಣು ಕೆಂಪಾಗಿತ್ತು.

"ನೀನೂ ಗುರುರಾಜನ ಹಾಗೇನೇ ಏನು ಪಂಕಜಾ?"

ಅವಮಾನದಿಂದ ಮುಖ ಸುಟ್ಟಂತಾಯಿತು. ಅವರು ಪರದೆಗೆ ತಿರುಗಿದರು, ಕೈಯನ್ನು ತೊಡೆಯ ಮೇಲೆ ಇಳಿಸಿ ಅದು ಸುಮ್ಮನಾಗುವವರೆಗೆ ಕಾದರು, ಸೆಕೆಂಡುಗಳು ಹೋಗುತ್ತಿದ್ದರೂ ಕಾದರು. ಆಮೇಲೆ ಮತ್ತೆ ಬೆರಳು ಎತ್ತಿದರು. ನಾನು ನನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ, ಬಿಗಿಯಾಗಿ ಹಿಡಿದುಕೊಂಡು ಕೂತೆ.